ಬಾಸೆಲ್‌ಗೆ ಹೋಗಿ ಓದಲು ಹಣ ಯಾರು ಕೊಡುತ್ತಾರೆ?

ಪ್ರಶ್ನೆ: ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಇತಿಹಾಸದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಇದು ಎರಡನೇ ವರ್ಷ. ಬಾಸೆಲ್ ಮಿಷನ್ ನಡೆಸಿದ ಕನ್ನಡ ಶಾಲೆಗಳು ಮತ್ತು ಅಲ್ಲಿ ಬಳಕೆಯಲ್ಲಿದ್ದ ಪಠ್ಯಪುಸ್ತಕಗಳು ನನ್ನ ವಿಷಯ. ಮುಖ್ಯ ದಾಖಲೆಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿವೆ, ಕೆಲವು ಲಂಡನ್ನಿನಲ್ಲಿವೆ. ವಿದೇಶಿ ಫೆಲೋಶಿಪ್‌ಗಳೆಲ್ಲ ವಿಜ್ಞಾನದವರಿಗೆ, ಅದರಲ್ಲೂ ದೊಡ್ಡ ಸಂಸ್ಥೆಗಳವರಿಗೆ ಮಾತ್ರ ಎಂದು ಸುತ್ತಲಿನವರು ಹೇಳುತ್ತಾರೆ. ಮನೆಯಿಂದ ಹಣ ತರುವ ಸ್ಥಿತಿಯಿಲ್ಲ. ಮೂರು ನಾಲ್ಕು ತಿಂಗಳು ಅಲ್ಲಿ ಕುಳಿತು ಓದಲು ನೆರವು ಸಿಗುತ್ತದೆಯೇ? ಎಲ್ಲಿಂದ ಆರಂಭಿಸಲಿ?

ಉತ್ತರ: ಸಿಗುತ್ತದೆ. ಸುತ್ತಲಿನವರ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕಿ. ಮಾನವಿಕ ವಿಷಯಗಳಿಗೆ ಇರುವ ನೆರವು ವಿಜ್ಞಾನಕ್ಕಿಂತ ಕಡಿಮೆ ಎಂಬುದು ನಿಜ. ಆದರೆ ನಮ್ಮ ರಾಜ್ಯ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಹಿಂದೆ ಬೀಳುವುದು ಹೆಚ್ಚಾಗಿ ಅರ್ಜಿ ತಿರಸ್ಕೃತವಾಗಿ ಅಲ್ಲ, ಅರ್ಜಿಯನ್ನೇ ಹಾಕದೆ. ನಿಮ್ಮ ವಿಷಯವಂತೂ ಯೂರೋಪಿನ ಆಯ್ಕೆ ಸಮಿತಿಯೊಂದರ ಮುಂದೆ ತಾನಾಗಿಯೇ ಎದ್ದು ನಿಲ್ಲುವಂಥದ್ದು: ಅವರ ಊರಿನ ಪತ್ರಾಗಾರದಲ್ಲಿರುವ ಕಾಗದಗಳು, ಕನ್ನಡ ಓದಬಲ್ಲ ಸಂಶೋಧಕರು ಬಂದು ನೋಡಿದರಷ್ಟೇ ಪೂರ್ತಿ ಅರ್ಥವಾಗುವ ಕಾಗದಗಳು. ಈ ಅನುಕೂಲ ನಿಮಗಿದೆ ಎಂಬ ಧೈರ್ಯದಿಂದಲೇ ಮುಂದುವರಿಯಿರಿ.

ಹೆಚ್ಚಿನವರು ಫೆಲೋಶಿಪ್‌ಗಳ ಪಟ್ಟಿ ಹಿಡಿದು ಹೊರಡುತ್ತಾರೆ. ನೀವು ದಾಖಲೆಗಳ ಪಟ್ಟಿಯಿಂದ ಹೊರಡಿ. ನನಗೆ ಯಾವ ಯಾವ ಕಾಗದ ಬೇಕು, ಅದು ಎಲ್ಲಿದೆ, ಅದರ ಪ್ರತಿ ಭಾರತದಲ್ಲಿ ಎಲ್ಲಾದರೂ ಇದೆಯೇ ಎಂಬುದನ್ನು ಸಾಲು ಸಾಲಾಗಿ ಬರೆದಿಡಿ. ಬಾಸೆಲ್ ಮಿಷನ್ ಸ್ಥಾಪನೆಯಾದದ್ದು 1815ರಲ್ಲಿ, ಅದರ ಮಿಷನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಮಿಷನರಿ ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದ 1843ರ ಹೊತ್ತಿಗೆ ಅವರ ಮುದ್ರಣಾಲಯ ಕೆಲಸ ಆರಂಭಿಸಿತ್ತು. ಆ ಮುದ್ರಣಾಲಯದಿಂದ ಹೊರಬಂದ ಕನ್ನಡ ಪುಸ್ತಕಗಳಲ್ಲಿ ಹಲವು ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿವೆ. ಅದಕ್ಕಾಗಿ ಬಾಸೆಲ್‌ಗೆ ಹೋಗಬೇಕಿಲ್ಲ. ಶಾಲೆಗಳಿಗೆ ಸರ್ಕಾರ ಕೊಟ್ಟ ಅನುದಾನ, ತನಿಖಾಧಿಕಾರಿಗಳ ವರದಿ ಇವುಗಳ ಮಟ್ಟಿಗೆ ನೆನಪಿಡಬೇಕಾದದ್ದು ಇಷ್ಟು: ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದಲ್ಲಿತ್ತು, ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಹಾಗಾಗಿ ಲಂಡನ್ನಿನಲ್ಲಿ ಹುಡುಕಬೇಕೆಂದುಕೊಂಡ ಎಷ್ಟೋ ಕಡತ ಚೆನ್ನೈ ಮತ್ತು ಮುಂಬೈಗಳ ರಾಜ್ಯ ಪತ್ರಾಗಾರಗಳಲ್ಲೇ ಸಿಗಬಹುದು. ಮಿಷನ್ನಿನ ಹಳೆಯ ಛಾಯಾಚಿತ್ರಗಳು ಮತ್ತು ನಕ್ಷೆಗಳಲ್ಲಿ ದೊಡ್ಡ ಭಾಗವನ್ನು ಬಾಸೆಲ್‌ನವರು ಅಂತರ್ಜಾಲದಲ್ಲೇ ತೆರೆದಿಟ್ಟಿದ್ದಾರೆ.

ಇದೆಲ್ಲ ಕಳೆದ ಮೇಲೆ ಉಳಿಯುವುದು ನಿಮ್ಮ ನಿಜವಾದ ಬೇಡಿಕೆ: ಮಿಷನರಿಗಳು ಬಾಸೆಲ್‌ನ ಕೇಂದ್ರ ಸಮಿತಿಗೆ ಕಳುಹಿಸಿದ ಕೈಬರಹದ ಪತ್ರಗಳು, ವಾರ್ಷಿಕ ವರದಿಗಳ ಕರಡುಗಳು, ಶಾಲೆಗಳ ಬಗ್ಗೆ ಸಮಿತಿ ತೆಗೆದುಕೊಂಡ ನಿರ್ಣಯಗಳು. ಇವು ಬಾಸೆಲ್‌ನಲ್ಲಿ, ಈಗ ಮಿಷನ್ 21 ಎಂಬ ಸಂಸ್ಥೆಯ ಸುಪರ್ದಿಯಲ್ಲಿವೆ. ಈ ಸೋಸುವ ಕೆಲಸವನ್ನು ಮಾಡದೆ ಬರೆದ ಅರ್ಜಿಯನ್ನು ತಿಳಿದವರು ಒಂದೇ ನೋಟದಲ್ಲಿ ಗುರುತಿಸುತ್ತಾರೆ. ಇದು ಮಂಗಳೂರಿನಲ್ಲೇ ಇದೆಯಲ್ಲ ಎಂದು ಒಬ್ಬರು ಅಂದರೆ ಸಾಕು, ಮುಂದಿನ ಪುಟವನ್ನು ಯಾರೂ ತಿರುವುವುದಿಲ್ಲ.

ಇನ್ನೊಂದು ಮಾತು, ಇದನ್ನು ಒತ್ತಿ ಹೇಳಲೇಬೇಕು. ಆ ಪತ್ರಗಳು ಜರ್ಮನ್ ಭಾಷೆಯಲ್ಲಿವೆ. ಜರ್ಮನ್ ಮಾತ್ರವಲ್ಲ, ಅಂದಿನ ಕುರೆಂಟ್ ಎಂಬ ಕೈಬರಹದಲ್ಲಿವೆ. ಇಂದಿನ ಜರ್ಮನರಿಗೇ ಅದು ಸುಲಭಕ್ಕೆ ಓದಲು ಬಾರದು. ನೀವು ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲೋ ಅಂತರ್ಜಾಲದಲ್ಲೋ ಜರ್ಮನ್ ಕಲಿಕೆಯನ್ನು ಈಗಲೇ ಆರಂಭಿಸಿ, ಕುರೆಂಟ್ ಅಕ್ಷರಗಳ ಅಭ್ಯಾಸವನ್ನು ಅದರ ಜೊತೆಗೇ ಇಟ್ಟುಕೊಳ್ಳಿ. ಅರ್ಜಿಯಲ್ಲಿ 'ಮೊದಲ ಹಂತದ ಪರೀಕ್ಷೆ ಮುಗಿಸಿದ್ದೇನೆ, ಅಂತರ್ಜಾಲದಲ್ಲಿ ಸಿಕ್ಕ ಇಂತಿಷ್ಟು ಪುಟ ಕೈಬರಹವನ್ನು ಓದಿ ಬರೆದುಕೊಂಡಿದ್ದೇನೆ' ಎಂದು ಹೇಳಬಲ್ಲವರಿಗೂ 'ಅನುವಾದಕರ ನೆರವು ಪಡೆಯುತ್ತೇನೆ' ಎನ್ನುವವರಿಗೂ ನಡುವಿನ ಅಂತರ ಬಹಳ ದೊಡ್ಡದು. ನನ್ನನ್ನು ಕೇಳಿದರೆ, ಯಾವ ಫೆಲೋಶಿಪ್ ಎಂಬ ಪ್ರಶ್ನೆಗಿಂತ ನಿಮ್ಮ ಮಟ್ಟಿಗೆ ಇದೇ ದೊಡ್ಡ ಪ್ರಶ್ನೆ.

ಆಮೇಲೆ ಆತಿಥೇಯರು. ನೀವು ಕೇಳುವ ಬಹುತೇಕ ನೆರವುಗಳಿಗೆ ಅಲ್ಲಿನ ಪ್ರಾಧ್ಯಾಪಕರೊಬ್ಬರ ಒಪ್ಪಿಗೆ ಪತ್ರ ಬೇಕು ಅಥವಾ ಇದ್ದರೆ ಬಲ ಬರುತ್ತದೆ. ಹಣ ಬಂದ ಮೇಲೆ ಪತ್ರ ಕೇಳೋಣ ಎಂದು ಕಾಯುವವರಿದ್ದಾರೆ, ನಡೆಯುವುದು ಅದರ ತಿರುವುಮುರುವು. ಬಾಸೆಲ್ ವಿಶ್ವವಿದ್ಯಾಲಯದ ಇತಿಹಾಸ ವಿಭಾಗ, ಹೈಡೆಲ್‌ಬರ್ಗ್‌ನ ದಕ್ಷಿಣ ಏಷ್ಯಾ ಸಂಸ್ಥೆ, ಕಿಟ್ಟೆಲ್ ತಮ್ಮ ಕೊನೆಯ ವರ್ಷಗಳನ್ನು ಕಳೆದ ಟ್ಯೂಬಿಂಗನ್, ಇಂಥ ಕಡೆ ಮಿಷನ್ ಇತಿಹಾಸ ಅಥವಾ ವಸಾಹತು ಕಾಲದ ಶಿಕ್ಷಣದ ಮೇಲೆ ಕೆಲಸ ಮಾಡುವವರು ಯಾರೆಂದು ನೋಡಿ. ಅವರ ಒಂದೆರಡು ಲೇಖನ ಓದಿ. ಆಮೇಲೆ ಬರೆಯಿರಿ.

ಮೊದಲ ಇ–ಮೇಲ್ ಚಿಕ್ಕದಾಗಿರಲಿ. 'ಮಾನ್ಯರೇ, ತಾವು ವಿಶ್ವವಿಖ್ಯಾತ ವಿದ್ವಾಂಸರು' ಎಂಬ ಪೀಠಿಕೆ ಬೇಡ. ನೀವು ಯಾರು, ಮಾರ್ಗದರ್ಶಕರು ಯಾರು ಎಂಬುದು ಒಂದು ವಾಕ್ಯ. ಸಂಶೋಧನೆಯ ಪ್ರಶ್ನೆ ಇನ್ನೊಂದು ವಾಕ್ಯ. ಅವರ ಯಾವ ಕೆಲಸ ನಿಮ್ಮದಕ್ಕೆ ಎಲ್ಲಿ ತಾಗುತ್ತದೆ ಎಂಬುದು ಮೂರನೆಯದು. ನೋಡಬೇಕಾದ ದಾಖಲೆ ಯಾವುದು, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಯಾವ ಫೆಲೋಶಿಪ್‌ಗೆ ಅರ್ಜಿ ಹಾಕುತ್ತಿದ್ದೀರಿ ಎಂಬುದು ನಾಲ್ಕನೆಯದು. ನಿಮ್ಮಿಂದ ಹಣ ಕೇಳುತ್ತಿಲ್ಲ, ಆತಿಥ್ಯದ ಪತ್ರ ಮಾತ್ರ ಕೇಳುತ್ತಿದ್ದೇನೆ ಎಂದು ಕೊನೆಗೆ ಸ್ಪಷ್ಟಪಡಿಸಿ. ಎರಡು ಪುಟದ ಯೋಜನೆಯನ್ನು ಲಗತ್ತಿಸಿ. ಎರಡು ಮೂರು ವಾರ ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ, ಅದಕ್ಕೂ ಉತ್ತರವಿಲ್ಲದಿದ್ದರೆ ಮತ್ತೊಬ್ಬರಿಗೆ ಬರೆಯಿರಿ. ಒಂದೇ ವಿಭಾಗದ ಐದು ಮಂದಿಗೆ ಒಂದೇ ದಿನ ಒಂದೇ ಪತ್ರ ಕಳುಹಿಸಬೇಡಿ, ಅವರು ಪರಸ್ಪರ ಮಾತನಾಡಿಕೊಳ್ಳುತ್ತಾರೆ. ಒಪ್ಪಿಗೆ ಪತ್ರ ಬಂದಾಗ ಅದರಲ್ಲಿ ದಿನಾಂಕಗಳು, ಕುಳಿತು ಕೆಲಸ ಮಾಡಲು ಜಾಗ ಮತ್ತು ಗ್ರಂಥಾಲಯದ ಪ್ರವೇಶ, ಶುಲ್ಕ ಇದೆಯೇ ಇಲ್ಲವೇ ಎಂಬ ಮಾತು ಇರುವಂತೆ ನೋಡಿಕೊಳ್ಳಿ. ಪತ್ರಾಗಾರದವರಿಗೂ ಬೇರೆಯಾಗಿ ಬರೆದು, ನಿಮಗೆ ಬೇಕಾದ ಸರಣಿಗಳು ಓದುಗರಿಗೆ ತೆರೆದಿವೆ ಎಂಬ ಎರಡು ಸಾಲಿನ ಉತ್ತರವನ್ನು ತರಿಸಿಕೊಳ್ಳಿ.

ಈಗ ಹಣದ ಮೂಲಗಳಿಗೆ ಬರುತ್ತೇನೆ.

ನಿಮಗೆ ನೇರವಾಗಿ ಹೊಂದುವುದು ಸ್ವಿಸ್ ಸರ್ಕಾರದ ಎಕ್ಸಲೆನ್ಸ್ ಸ್ಕಾಲರ್‌ಶಿಪ್‌ನ ಸಂಶೋಧನಾ ವಿಭಾಗ. ಭಾರತದಲ್ಲೇ ಪಿಎಚ್.ಡಿ. ಮಾಡುತ್ತ, ಒಂದು ವರ್ಷದವರೆಗೆ ಸ್ವಿಟ್ಜರ್ಲೆಂಡಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸುವವರಿಗೆ ಇದು ಇದೆ. ಪ್ರಕಟಣೆ ಸಾಮಾನ್ಯವಾಗಿ ಆಗಸ್ಟ್ ಹೊತ್ತಿಗೆ ಬರುತ್ತದೆ, ಅರ್ಜಿ ಸ್ವಿಸ್ ರಾಯಭಾರ ಕಚೇರಿಯ ಮೂಲಕ ಹೋಗುತ್ತದೆ, ಅಲ್ಲಿನ ಪ್ರಾಧ್ಯಾಪಕರ ಪತ್ರ ಕಡ್ಡಾಯ. ಇದು ಕೆಲವು ವಾರಗಳ ಭೇಟಿಗೆ ಮಾಡಿದ್ದಲ್ಲ, ಇಡೀ ಶೈಕ್ಷಣಿಕ ವರ್ಷವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಆದ್ದರಿಂದ ನಿಮ್ಮ ಮೂರು ನಾಲ್ಕು ತಿಂಗಳ ಆಲೋಚನೆಯನ್ನು ಮತ್ತೊಮ್ಮೆ ನೋಡಿ. ಕುರೆಂಟ್ ಕೈಬರಹದ ಕಡತಗಳಿಗೆ ಮೂರು ತಿಂಗಳು ಸಾಲುವುದಿಲ್ಲ ಎಂದೇ ನನ್ನ ಎಣಿಕೆ.

ಎರಡನೆಯದು ಜರ್ಮನಿಯ ಡಿಎಎಡಿ, ಅಂದರೆ ಜರ್ಮನ್ ಶೈಕ್ಷಣಿಕ ವಿನಿಮಯ ಸೇವೆ. 1925ರಲ್ಲಿ ಹುಟ್ಟಿದ ಸಂಸ್ಥೆ. ಅದರಲ್ಲಿ ಆರು ತಿಂಗಳವರೆಗಿನ ಅಲ್ಪಾವಧಿ ಸಂಶೋಧನಾ ಅನುದಾನವಿದೆ, ಭಾರತ ಮತ್ತು ಜರ್ಮನಿ ಎರಡೂ ಕಡೆ ಮಾರ್ಗದರ್ಶಕರಿರುವ ದೀರ್ಘಾವಧಿ ಅನುದಾನವೂ ಇದೆ. ಪಿಎಚ್.ಡಿ. ವಿದ್ಯಾರ್ಥಿಗೆ ತಿಂಗಳಿಗೆ 1,300–1,400 ಯೂರೋ ಆಸುಪಾಸು, ಅದರ ಮೇಲೆ ವಿಮೆ ಮತ್ತು ಪ್ರಯಾಣದ ನೆರವು. ಕೊನೆಯ ಪದವಿ ಮುಗಿದು ಎಷ್ಟು ವರ್ಷವಾಗಿದೆ, ಪಿಎಚ್.ಡಿ. ಆರಂಭಿಸಿ ಎಷ್ಟು ಕಾಲವಾಗಿದೆ ಎಂಬ ಮಿತಿಗಳಿವೆ. ಎರಡನೇ ವರ್ಷದಲ್ಲಿರುವ ನೀವು ಈಗ ಸರಿಯಾದ ಹೊತ್ತಿನಲ್ಲಿದ್ದೀರಿ, ನಾಲ್ಕನೇ ವರ್ಷಕ್ಕೆ ಎಚ್ಚೆತ್ತವರಿಗೆ ಬಾಗಿಲು ಮುಚ್ಚಿರುತ್ತದೆ. ಬಾಸೆಲ್‌ನ ದಾಖಲೆಗೆ ಜರ್ಮನಿಯ ಹಣ ಹೇಗೆ ಎನ್ನುತ್ತೀರೇನೋ. ಬಾಸೆಲ್ ಇರುವುದು ಜರ್ಮನಿ ಮತ್ತು ಫ್ರಾನ್ಸ್ ಎರಡರ ಗಡಿಗೂ ಅಂಟಿಕೊಂಡು. ಫ್ರೈಬರ್ಗ್ ನಗರದಿಂದ ರೈಲಿನಲ್ಲಿ ಒಂದು ಗಂಟೆಯೊಳಗೆ ಬಾಸೆಲ್ ತಲುಪಬಹುದು. ಮಿಷನ್ನಿನ ಜನರಲ್ಲಿ ಬಹಳಷ್ಟು ಮಂದಿ ಬಂದದ್ದೂ ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರದೇಶದಿಂದಲೇ. ಹಾಗಾಗಿ ಜರ್ಮನಿಯ ವಿಶ್ವವಿದ್ಯಾಲಯವನ್ನು ನೆಲೆಯಾಗಿಟ್ಟುಕೊಂಡು ಬಾಸೆಲ್‌ಗೆ ಹೋಗಿಬರುವ ಯೋಜನೆಗೆ ಅರ್ಥವಿದೆ. ಅದನ್ನು ಅರ್ಜಿಯ ಕಾಲಪಟ್ಟಿಯಲ್ಲೇ ಬರೆದು ಒಪ್ಪಿಗೆ ಪಡೆಯಬೇಕು. ಹೋದ ಮೇಲೆ ಹೇಳದೆ ದೇಶ ದಾಟುವ ಹಾಗಿಲ್ಲ.

ಲಂಡನ್ನಿನ ಕೆಲಸವನ್ನು ಇದರೊಂದಿಗೆ ಬೆರೆಸಬೇಡಿ. ಬ್ರಿಟನ್ನಿನ ವೀಸಾ ಬೇರೆ, ಹಣದ ಮೂಲವೂ ಬೇರೆ. ಕಲೆ, ಪರಂಪರೆ ಮತ್ತು ಮಾನವಿಕ ವಿಷಯಗಳ ಭಾರತೀಯರಿಗೆ ಬ್ರಿಟನ್ನಿನಲ್ಲಿ ಅಲ್ಪಾವಧಿ ಸಂಶೋಧನೆ ನಡೆಸಲು ಚಾರ್ಲ್ಸ್ ವ್ಯಾಲೇಸ್ ಇಂಡಿಯಾ ಟ್ರಸ್ಟ್ ಬಹುಕಾಲದಿಂದ ನೆರವಾಗುತ್ತ ಬಂದಿದೆ. ಪೂರ್ತಿ ಖರ್ಚನ್ನು ಅದು ಭರಿಸುವುದಿಲ್ಲ, ಮತ್ತು ಯಾವ ವರ್ಷ ಯಾವ ವಿಭಾಗ ತೆರೆದಿದೆ ಎಂದು ಅವರ ಜಾಲತಾಣದಲ್ಲೇ ನೋಡಬೇಕು. ಕಾಮನ್‌ವೆಲ್ತ್ ಸ್ಪ್ಲಿಟ್–ಸೈಟ್ ಸ್ಕಾಲರ್‌ಶಿಪ್ ಇನ್ನೂ ದೊಡ್ಡದು, ತವರಿನಲ್ಲೇ ಪಿಎಚ್.ಡಿ.ಗೆ ನೋಂದಾಯಿಸಿಕೊಂಡವರನ್ನು ಒಂದು ವರ್ಷದವರೆಗೆ ಬ್ರಿಟನ್ನಿನ ವಿಶ್ವವಿದ್ಯಾಲಯದಲ್ಲಿ ಇರಿಸುತ್ತದೆ. ಆದರೆ ಅಲ್ಲಿ ಅಭಿವೃದ್ಧಿಗೆ ನಿಮ್ಮ ಸಂಶೋಧನೆಯಿಂದ ಏನು ಲಾಭ ಎಂದು ಕೇಳುತ್ತಾರೆ. ಶಾಲಾಶಿಕ್ಷಣದ ಇತಿಹಾಸವಾದ್ದರಿಂದ ನೀವು ಉತ್ತರಿಸಬಲ್ಲಿರಿ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಮೇಲೆ 2023ರ ಅಕ್ಟೋಬರ್‌ನಲ್ಲಿ ನಡೆದ ಸೈಬರ್ ದಾಳಿಯಿಂದ ಅಲ್ಲಿನ ಸೇವೆಗಳು ದೀರ್ಘಕಾಲ ಅಸ್ತವ್ಯಸ್ತವಾಗಿದ್ದವು. ನಿಮಗೆ ಬೇಕಾದ ಕಡತವನ್ನು ಈಗ ತರಿಸಿಕೊಳ್ಳಲು ಸಾಧ್ಯವೇ ಎಂದು ಟಿಕೆಟ್ ಕೊಳ್ಳುವ ಮೊದಲೇ ವಿಚಾರಿಸಿ.

ನಮ್ಮ ದೇಶದ ಹಣವೂ ಇದೆ. ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತು ವಿದೇಶದಲ್ಲಿ ಮಾಹಿತಿ ಸಂಗ್ರಹಣೆಗೆಂದು ನೆರವು ಕೊಡುತ್ತದೆ. ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತಿನಲ್ಲಿ ವಿದೇಶ ಪ್ರಯಾಣದ ಅನುದಾನವಿದೆ. ಖಾಸಗಿಯಲ್ಲಿ ಇನ್‌ಲ್ಯಾಕ್ಸ್ ಶಿವದಾಸಾನಿ ಪ್ರತಿಷ್ಠಾನ ಭಾರತದಲ್ಲಿ ಪಿಎಚ್.ಡಿ. ಮಾಡುತ್ತಿರುವವರಿಗೆ ಸಂಶೋಧನೆ ಮತ್ತು ಪ್ರಯಾಣದ ಅನುದಾನ ನೀಡುತ್ತದೆ. ಇವು ಚಿಕ್ಕ ಮೊತ್ತದವು, ಆದರೆ ನಿಮ್ಮ ಲಂಡನ್ನಿನ ಕೆಲವು ವಾರಗಳಿಗೆ ಇಂಥದ್ದೇ ಸಾಕು.

ಎಲ್ಲರ ಬಾಯಲ್ಲಿರುವ ಫುಲ್‌ಬ್ರೈಟ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಭಾರತ–ಅಮೆರಿಕ ಒಪ್ಪಂದ 1950ರದ್ದು. 2008ರಿಂದ ಭಾರತ ಸರ್ಕಾರವೂ ಸಮಾನ ಪಾಲುದಾರನಾಗಿ ಅದಕ್ಕೆ ಫುಲ್‌ಬ್ರೈಟ್–ನೆಹರೂ ಎಂಬ ಹೆಸರು ಬಂತು. ಅದರ ಡಾಕ್ಟೋರಲ್ ಸಂಶೋಧನಾ ಫೆಲೋಶಿಪ್ ಆರರಿಂದ ಒಂಬತ್ತು ತಿಂಗಳಿನದು, ಮಾನವಿಕ ವಿಷಯಗಳಿಗೆ ನಿಜವಾಗಿಯೂ ತೆರೆದದ್ದು, ಅತ್ಯಂತ ಗೌರವದ್ದು. ಆದರೆ ನಿಮ್ಮ ಕಾಗದಗಳು ಅಮೆರಿಕದಲ್ಲಿಲ್ಲ. ಹಣವಿರುವ ದೇಶಕ್ಕೆ ತಕ್ಕಂತೆ ವಿಷಯವನ್ನು ಬಾಗಿಸಿದರೆ ಪ್ರಬಂಧ ಕೆಡುತ್ತದೆ. ಹೋಗುವವರಿಗೆ ಇನ್ನೊಂದು ಷರತ್ತು ತಿಳಿದಿರಲಿ: ಅದರ ಜೆ–1 ಎಂಬ ವಿನಿಮಯ ವೀಸಾದಲ್ಲಿ ಹೋಗಿಬಂದವರು ಎರಡು ವರ್ಷ ತವರಿನಲ್ಲಿ ಕಳೆಯುವವರೆಗೆ ಅಮೆರಿಕದ ಕೆಲವು ಬಗೆಯ ಉದ್ಯೋಗ ವೀಸಾ ಮತ್ತು ಶಾಶ್ವತ ವಾಸದ ಅನುಮತಿ ಪಡೆಯುವಂತಿಲ್ಲ.

ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ, ನಮ್ಮ ರಾಜ್ಯದ ಪ್ರಬುದ್ಧ ಯೋಜನೆ ಇವೆಯಲ್ಲ ಎಂದು ಯಾರಾದರೂ ಸೂಚಿಸಬಹುದು. ಅವು ವಿದೇಶಿ ವಿಶ್ವವಿದ್ಯಾಲಯದಲ್ಲೇ ಪೂರ್ತಿ ಪದವಿ ಪಡೆಯುವವರಿಗಾಗಿ ಇರುವಂಥವು, ನಿಮ್ಮಂಥ ಅಲ್ಪಾವಧಿ ಭೇಟಿಗಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯವಂತೂ 2022ರಲ್ಲಿ ತನ್ನ ನಿಯಮ ಬದಲಿಸಿ, ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜ ಕುರಿತ ವಿಷಯಗಳನ್ನೇ ಹೊರಗಿಟ್ಟಿತು. ಅದು ತಪ್ಪು ನಿರ್ಧಾರ ಎಂಬುದು ನನ್ನ ದೃಢವಾದ ಅಭಿಪ್ರಾಯ. ಭಾರತದ ಸಮಾಜದ ಬಗ್ಗೆ ಹೊರಗೆ ಹೋಗಿ ಓದುವ ಅವಕಾಶ ಯಾರಿಗೆ ಎಲ್ಲರಿಗಿಂತ ಹೆಚ್ಚು ಸಲ್ಲಬೇಕಿತ್ತೋ ಅವರಿಗೇ ಅದು ಇಲ್ಲವಾಯಿತು.

ವಿಜ್ಞಾನದ ಗೆಳೆಯರಿದ್ದರೆ ಅವರಿಗೆ ಭಾರತ–ಫ್ರಾನ್ಸ್ ನಡುವಿನ ರಾಮನ್–ಶಾರ್ಪಾಕ್ ಫೆಲೋಶಿಪ್ ಬಗ್ಗೆ ತಿಳಿಸಿ. ಬದುಕಿನ ಕೊನೆಯ ದಶಕಗಳನ್ನು ಬೆಂಗಳೂರಿನಲ್ಲಿ ಕಳೆದ ಸಿ.ವಿ. ರಾಮನ್ ಮತ್ತು ಫ್ರಾನ್ಸಿನ ಜಾರ್ಜ್ ಶಾರ್ಪಾಕ್ ಹೆಸರಿನಲ್ಲಿ 2013ರಲ್ಲಿ ಆರಂಭವಾದ ಅದು ಪಿಎಚ್.ಡಿ. ವಿದ್ಯಾರ್ಥಿಗಳಿಗೆ ನೆರವಾಗುತ್ತದೆ. ಅಧ್ಯಾಪಕರ ವಿನಿಮಯಕ್ಕೆ ಕೇಂದ್ರ ಶಿಕ್ಷಣ ಸಚಿವಾಲಯದ ಗ್ಯಾನ್, ಸ್ಪಾರ್ಕ್ ಯೋಜನೆಗಳು ಬಂದವು. ಯೂರೋಪಿನ ಎರಾಸ್ಮಸ್ ಪ್ಲಸ್ ವಿನಿಮಯ ವಿಶ್ವವಿದ್ಯಾಲಯಗಳ ನಡುವಿನ ಒಪ್ಪಂದದ ಮೂಲಕವೇ ನಡೆಯುತ್ತದೆ. ನಿಮ್ಮ ವಿಶ್ವವಿದ್ಯಾಲಯ ಅಂಥ ಒಪ್ಪಂದಕ್ಕೆ ಸಹಿ ಹಾಕಿದೆಯೇ ಎಂದು ಒಮ್ಮೆ ಕೇಳಿ ನೋಡಿ. ಒಪ್ಪಂದ ಕಡತದಲ್ಲೇ ಉಳಿದು ಯಾರೂ ಬಳಸದೇ ಇರುವುದೂ ಉಂಟು.

ಯೋಜನೆ ಬರೆಯುವ ಬಗ್ಗೆ ಒಂದು ಉದಾಹರಣೆ ಕೊಡುತ್ತೇನೆ. ಸಾಮಾನ್ಯವಾಗಿ ಬರುವ ವಾಕ್ಯ ಹೀಗಿರುತ್ತದೆ: 'ಬಾಸೆಲ್ ಮಿಷನ್ ಕರ್ನಾಟಕದ ಶಿಕ್ಷಣಕ್ಕೆ ಅಪಾರ ಕೊಡುಗೆ ನೀಡಿದೆ, ಈ ಕುರಿತು ಸಮಗ್ರ ಅಧ್ಯಯನ ಅಗತ್ಯವಾಗಿದೆ.' ಇದನ್ನು ಓದಿದವರಿಗೆ ನೀವೇನು ಮಾಡುತ್ತೀರಿ ಎಂದೇ ತಿಳಿಯುವುದಿಲ್ಲ. ಅದರ ಬದಲು ಹೀಗೆ ಬರೆಯಿರಿ: 'ಮಂಗಳೂರು ಮತ್ತು ಧಾರವಾಡದ ಶಾಲೆಗಳಲ್ಲಿ ಯಾವ ಪಾಠ ಇರಬೇಕು ಎಂಬ ಬಗ್ಗೆ ಮಿಷನರಿಗಳಿಗೂ ಬಾಸೆಲ್‌ನ ಸಮಿತಿಗೂ ನಡುವೆ ನಡೆದ ಪತ್ರವ್ಯವಹಾರವನ್ನು ಓದಿ, ಮುದ್ರಿತ ಪಠ್ಯಪುಸ್ತಕಗಳಲ್ಲಿ ಯಾವುದು ಉಳಿಯಿತು, ಯಾವುದು ಬಿಟ್ಟುಹೋಯಿತು ಎಂದು ಹೋಲಿಸುತ್ತೇನೆ. ಪುಸ್ತಕಗಳನ್ನು ಬಲ್ಮಠದಲ್ಲಿ ನೋಡಿ ಮುಗಿಸಿದ್ದೇನೆ. ಪತ್ರಗಳು ಬಾಸೆಲ್‌ನಲ್ಲಿ ಮಾತ್ರ ಇವೆ.' ಹೋಗಬೇಕಾದ ಕಾರಣ ಕೊನೆಯ ಮೂರು ನಾಲ್ಕು ಪದಗಳಲ್ಲಿದೆ. ಸಮಿತಿಯಲ್ಲಿ ನಿಮ್ಮ ವಿಷಯ ಬಲ್ಲವರು ಒಬ್ಬರಿದ್ದರೆ ಹೆಚ್ಚು. ಉಳಿದವರು ಅರ್ಥಶಾಸ್ತ್ರದವರೋ ರಸಾಯನಶಾಸ್ತ್ರದವರೋ ಆಗಿರಬಹುದು. ಅವರಿಗೂ ಅರ್ಥವಾಗುವಂತೆ ಬರೆಯಿರಿ. ತಿಂಗಳುವಾರು ಕಾಲಪಟ್ಟಿಯಲ್ಲಿ ಯಾವ ಸರಣಿಯನ್ನು ಯಾವಾಗ ಓದುತ್ತೀರಿ, ಯಾವ ಅಧ್ಯಾಯಕ್ಕೆ ಅದು ಬೇಕು ಎಂಬುದು ಕಾಣಲಿ.

ಕಚೇರಿಯ ಕೆಲಸವನ್ನು ಹಗುರವಾಗಿ ಕಾಣಬೇಡಿ. ಪಾಸ್‌ಪೋರ್ಟ್ ಇಲ್ಲದಿದ್ದರೆ ಇಂದೇ ಅರ್ಜಿ ಹಾಕಿ. ಕುಲಸಚಿವರ ನಿರಾಕ್ಷೇಪಣಾ ಪತ್ರಕ್ಕೆ ವಾರಗಳು ಹಿಡಿಯುತ್ತವೆ, ಕಡತ ಎಲ್ಲಿದೆ ಎಂದು ನೀವೇ ಬೆನ್ನು ಹತ್ತಬೇಕಾಗುತ್ತದೆ. ಶಿಫಾರಸು ಪತ್ರವನ್ನು ಬಹುತೇಕ ಕಡೆ ಮಾರ್ಗದರ್ಶಕರೇ ನೇರವಾಗಿ ಕಳುಹಿಸಬೇಕು. ಕೊನೆಯ ದಿನಕ್ಕೆ ಒಂದು ತಿಂಗಳು ಮುಂಚೆ ಅವರಿಗೆ ನಿಮ್ಮ ಯೋಜನೆಯನ್ನೂ ನೀವು ಮಾಡಿದ ಕೆಲಸದ ಟಿಪ್ಪಣಿಯನ್ನೂ ಕೊಟ್ಟು ಕೇಳಿಕೊಳ್ಳಿ. ಯುಜಿಸಿಯ ಕಿರಿಯ ಸಂಶೋಧನಾ ಫೆಲೋಶಿಪ್ (ಜೆಆರ್‌ಎಫ್) ಪಡೆಯುತ್ತಿದ್ದರೆ ವಿದೇಶದಲ್ಲಿರುವ ತಿಂಗಳುಗಳಲ್ಲಿ ಅದು ನಿಲ್ಲಬಹುದು. ಏನಾಗುತ್ತದೆ ಎಂಬುದನ್ನು ಲಿಖಿತವಾಗಿ ಕೇಳಿ, ಉತ್ತರವನ್ನೂ ಲಿಖಿತವಾಗಿ ಪಡೆಯಿರಿ.

ಫೆಲೋಶಿಪ್ ಸಿಕ್ಕ ಮೇಲೂ ಮೊದಲ ತಿಂಗಳು ಕೈಯಲ್ಲಿ ಹಣ ಬೇಕು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಬಡ ಮನೆಯ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಅಲ್ಲಿ ಬ್ಯಾಂಕ್ ಖಾತೆ ತೆರೆದ ಮೇಲಷ್ಟೇ ಮೊದಲ ಕಂತು ಬರುವುದುಂಟು. ಕೋಣೆಗೆ ಮುಂಗಡ ಕೊಡಬೇಕು. ಕೆಲವು ಅನುದಾನಗಳಲ್ಲಿ ವಿಮಾನದ ಟಿಕೆಟ್ ಹಣವನ್ನು ನೀವು ಮೊದಲು ಹಾಕಿ, ಆಮೇಲೆ ರಸೀದಿ ಕೊಟ್ಟು ಹಿಂಪಡೆಯಬೇಕು. ತೊಂಬತ್ತು ದಿನದವರೆಗಿನ ಭೇಟಿಗೆ ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾ ಸಾಕು, ಅದಕ್ಕೆ 90 ಯೂರೋ ಶುಲ್ಕ ಮತ್ತು ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಬೇಕು. ಅದಕ್ಕಿಂತ ಹೆಚ್ಚು ದಿನವಾದರೆ ಆಯಾ ದೇಶದ ರಾಷ್ಟ್ರೀಯ ವೀಸಾ, ಅದಕ್ಕೆ ಕಾಯುವ ಕಾಲವೂ ಹೆಚ್ಚು. ಮುಂಗಡವಾಗಿ ಪ್ರಯಾಣವೆಚ್ಚ ಕೊಡಲು ಸಾಧ್ಯವೇ ಎಂದು ಅನುದಾನ ಕೊಡುವವರನ್ನೇ ಕೇಳಿ. ಕೇಳಲು ಸಂಕೋಚ ಬೇಡ, ನಿಮ್ಮಂಥ ಪರಿಸ್ಥಿತಿಯವರನ್ನು ಅವರು ನೋಡದೇ ಇಲ್ಲ.

ಅರ್ಜಿಗೆ ಶುಲ್ಕ ಕೇಳುವವರನ್ನು ನಂಬಬೇಡಿ. ಫುಲ್‌ಬ್ರೈಟ್, ಡಿಎಎಡಿ, ಸ್ವಿಸ್ ಸರ್ಕಾರ ಯಾರೂ ಅರ್ಜಿಗೆ ಹಣ ಪಡೆಯುವುದಿಲ್ಲ. ಫೆಲೋಶಿಪ್ ಕೊಡಿಸುತ್ತೇವೆ ಎನ್ನುವ ಏಜೆಂಟರಿಗೂ, ನೋಂದಣಿ ಶುಲ್ಕ ಕಟ್ಟಿದರೆ ಆಹ್ವಾನ ಪತ್ರ ಕಳುಹಿಸುವ ವಿದೇಶಿ ಸಮ್ಮೇಳನಗಳಿಗೂ ನಿಮ್ಮ ಒಂದು ರೂಪಾಯಿಯೂ ಹೋಗದಿರಲಿ.

ಸ್ವಿಸ್ ಮತ್ತು ಜರ್ಮನ್ ಎರಡಕ್ಕೂ ಒಂದೇ ವರ್ಷ ಅರ್ಜಿ ಹಾಕಿ. ಒಂದರ ಅರ್ಜಿಯಲ್ಲಿ ಬೇರೆ ಅರ್ಜಿಗಳ ಬಗ್ಗೆ ಕೇಳಿದ್ದರೆ ಇನ್ನೊಂದನ್ನು ಮುಚ್ಚಿಡದೆ ನಮೂದಿಸಿ. ಎರಡೂ ಸಿಕ್ಕರೆ ಒಂದೇ ಅವಧಿಗೆ ಎರಡು ಕಡೆಯ ವೇತನ ಪಡೆಯುವಂತಿಲ್ಲ. ಒಂದನ್ನು ಆರಿಸಿಕೊಂಡು ಇನ್ನೊಬ್ಬರಿಗೆ ಕೂಡಲೇ ತಿಳಿಸಿ, ಕಾಯುವ ಪಟ್ಟಿಯಲ್ಲಿರುವ ಯಾರಿಗಾದರೂ ಅದು ಸಿಗುತ್ತದೆ. ಎರಡೂ ಸಿಗದಿದ್ದರೆ ಯೋಜನೆಯನ್ನು ಆತಿಥೇಯರಿಗೆ ಮತ್ತೆ ತೋರಿಸಿ, ಎಲ್ಲಿ ದುರ್ಬಲವಾಗಿದೆ ಎಂದು ಕೇಳಿ, ಅಷ್ಟರಲ್ಲಿ ಚೆನ್ನೈ ಮತ್ತು ಮುಂಬೈಗಳ ಕಡತಗಳನ್ನು ಮುಗಿಸಿಕೊಳ್ಳಿ. ಮುಂದಿನ ವರ್ಷದ ಅರ್ಜಿಯಲ್ಲಿ ಆ ಕೆಲಸವೂ ಸೇರಿರುತ್ತದೆ, ಜರ್ಮನ್ ಪರೀಕ್ಷೆಯ ಇನ್ನೊಂದು ಹಂತವೂ ಸೇರಿರುತ್ತದೆ. ಆದರೆ ಡಿಎಎಡಿಯ ವರ್ಷಮಿತಿಯೊಳಗೆ ನೀವು ಇನ್ನೂ ಇದ್ದೀರಾ ಎಂಬುದನ್ನು ಆಗ ಮತ್ತೊಮ್ಮೆ ಲೆಕ್ಕ ಹಾಕಿ ನೋಡಿ.